ಬಾಗಿಲ ಗದರಪ್ಪ

ಆ ಕ್ಲಿನಿಕ್ಕಿಗೆ ಒಮ್ಮೆ ಹೋಗಿ ಬಂದವರು ಎರಡು ಮುಖಗಳನ್ನು ಮರೆಯುತ್ತಿರಲಿಲ್ಲ. ಒಳಗೆ ಕೂತ ಡಾಕ್ಟರರ ಮುಖ ಒಂದು. ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಚೀಟಿ ನಂಬರು ಕೂಗುವವನ ಮುಖ ಇನ್ನೊಂದು. ಮೊದಲನೆಯದನ್ನು ನೆನೆದು ಕೈ ಮುಗಿಯುತ್ತಿದ್ದರು, ಎರಡನೆಯದನ್ನು ನೆನೆದು ಹಲ್ಲು ಕಡಿಯುತ್ತಿದ್ದರು. ಆ ಎರಡನೆಯವನಿಗೆ ಗದರಪ್ಪ ಎಂದು ಹೆಸರು ಬಿದ್ದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ‘ರೀ’ ಅನ್ನುತ್ತಿದ್ದಳು, ಮಗಳು ‘ಅಪ್ಪ’ ಅನ್ನುತ್ತಿದ್ದಳು, ಡಾಕ್ಟರು ‘ಅಯ್ಯಾ’ ಅನ್ನುತ್ತಿದ್ದರು. ಮಿಕ್ಕ ಊರಿಗೆಲ್ಲ ಅವನು ಗದರಪ್ಪನೇ.

ಹೊರಗೆ ರೋಗಿಗಳು ಕಾಯುವ ಹಾಲು ಉದ್ದಕ್ಕಿತ್ತು, ಕಿಟಕಿ ಒಂದೇ. ಗೋಡೆಗೆ ಒರಗಿಸಿದ ಬೆಂಚುಗಳ ಮೇಲೆ ಕೂತವರ ತಲೆ ತಾಗಿ ತಾಗಿ ಸುಣ್ಣದ ಮೇಲೆ ಎಣ್ಣೆ ಜಿಡ್ಡಿನ ಸಾಲು ಮೂಡಿತ್ತು. ಮೂಲೆಯಲ್ಲಿ ತೂಕದ ಯಂತ್ರ. ಅದರ ಮೇಲೆ ಯಾವಾಗಲೂ ಯಾವುದಾದರೂ ಮಗು ಹತ್ತಿ ಕುಣಿಯುತ್ತಿರುತ್ತಿತ್ತು.

“ಏನ್ರೀ, ಒಳಗೆ ಹೋದೋರು ಅಲ್ಲೇ ಮನೆ ಮಾಡಿಕೊಂಡ್ರಾ? ಬೆಳಿಗ್ಗೆಯಿಂದ ಕಾಯ್ತಿದೀನಿ” ಎಂದು ಯಾರಾದರೂ ಕೇಳಬೇಕು, ಗದರಪ್ಪ ತಲೆ ಎತ್ತದೆ ಅನ್ನುವನು: “ನಿಮ್ಮ ಸರದಿ ಬಂದಾಗ ನೀವೂ ಮನೆ ಮಾಡ್ಕೊಳ್ಳಿ. ಈಗ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

ಇವನು ಹುಟ್ಟಾ ಹೀಗಿದ್ದವನಲ್ಲ. ಮೊದಲು ದೊಡ್ಡಾಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ. ಆಗ ಅವನ ದನಿ ಎಷ್ಟು ಸಣ್ಣದಿತ್ತೆಂದರೆ, ‘ಸ್ವಲ್ಪ ದಾರಿ ಬಿಡ್ತೀರಾ’ ಎಂದು ಕೇಳಿದರೆ ಎದುರಿಗಿದ್ದವರು ತಿರುಗಿಯೂ ನೋಡುತ್ತಿರಲಿಲ್ಲ. ಸ್ಟ್ರೆಚರಿನ ಮೇಲೆ ಮಲಗಿದವನೇ ನರಳುತ್ತಾ ಎದ್ದು ಕೂತು ‘ಬಿಡ್ರಪ್ಪಾ ದಾರಿ’ ಎಂದು ಕೂಗಿದ್ದೂ ಉಂಟು. ಡಾಕ್ಟರು ಅಲ್ಲಿನ ಕೆಲಸ ಬಿಟ್ಟು ಸ್ವಂತ ಕ್ಲಿನಿಕ್ಕು ಹಾಕಿದಾಗ ಇವನನ್ನು ಜೊತೆಗೆ ಕರೆದುಕೊಂಡರು. ಮೆತ್ತಗಿನ ಮನುಷ್ಯ, ಹೇಳಿದ್ದು ಕೇಳುತ್ತಾನೆ ಎಂದು.

ಡಾಕ್ಟರರ ಗುಣವನ್ನು ಇಲ್ಲಿ ಹೇಳಬೇಕು. ಬಂದವರನ್ನು ಎದುರಿಗೆ ಕೂರಿಸಿಕೊಂಡು, ಪೆನ್ನು ಕೆಳಗಿಟ್ಟು, ಮೈಯೆಲ್ಲ ಕಿವಿಯಾಗಿ ಕೇಳುವರು. ಕೆಮ್ಮಿಗೆ ಬಂದವಳು ಸೊಸೆಯ ವಿಷಯಕ್ಕೆ ಹೋದರೂ ಕೇಳುವರು, ಸೊಸೆಯಿಂದ ಸೊಸೆಯ ತವರಿಗೆ ಹೋದರೂ ಕೇಳುವರು. ಮಧ್ಯೆ ಮಧ್ಯೆ ‘ಹೂಂ, ಆಮೇಲೆ?’ ಅನ್ನುವರು. ಆ ‘ಆಮೇಲೆ’ಗೇ ಅರ್ಧ ಊರು ಮರುಳಾಗಿತ್ತು.

ಕ್ಲಿನಿಕ್ಕು ಶುರುವಾದ ಹೊಸತರಲ್ಲಿ ಒಬ್ಬ ಅಜ್ಜಿ ಮೊಣಕಾಲು ನೋವೆಂದು ಒಳಗೆ ಹೋದವಳು, ಮದುವೆಯಾದ ದಿನದಿಂದ ಕಥೆ ತೆಗೆದು ಡಾಕ್ಟರರ ಊಟದ ಹೊತ್ತನ್ನೇ ನುಂಗಿಬಿಟ್ಟಳು. ಅವಳು ಹೋದ ಮೇಲೆ ಡಾಕ್ಟರು ಇವನನ್ನು ಒಳಗೆ ಕರೆದರು.

“ನನ್ನ ಬಾಯಲ್ಲಿ ಸಾಕು ಅನ್ನೋ ಮಾತು ಬರಲ್ಲ ಕಣಯ್ಯ. ಅಂದ ತಕ್ಷಣ ಎದುರಿಗಿರೋರ ಮುಖ ಬಾಡುತ್ತೆ. ಅದನ್ನ ನನ್ನ ಕೈಲಿ ನೋಡೋಕಾಗಲ್ಲ. ಆ ಮಾತು ನೀನು ಹೇಳ್ಬೇಕು.”

“ನಾನಾ ಸಾರ್? ನನ್ನ ಮಾತು ನಮ್ಮನೆ ಬೆಕ್ಕೂ ಕೇಳಲ್ಲ.”

“ಕಲಿಸ್ತೀನಿ ಬಾ.”

ರಜೆಯ ದಿನ ಇಬ್ಬರೇ ಬಂದು ಬಾಗಿಲು ಹಾಕಿಕೊಂಡರು. ಡಾಕ್ಟರರೇ ನೆಲದ ಮೇಲೆ ಮಂಡಿಯೂರಿ, ಮೇಜಿನ ಕೆಳಗೆ ಬಲಗಾಲಿಗೆ ಸಿಗುವ ಹಾಗೆ ಒಂದು ಸ್ವಿಚ್ಚು ಕೂರಿಸಿದರು. ಇವನು ಟಾರ್ಚು ಹಿಡಿದ. ಅದರ ತಂತಿ ಜಮಖಾನೆಯ ಅಡಿಯಿಂದ ಹೊರಗೆ ಹರಿದು, ಇವನ ಮೇಜಿನ ಗೂಡಿನೊಳಗೆ, ಇವನೊಬ್ಬನಿಗೇ ಕಾಣುವಂತೆ ಒಂದು ಪುಟ್ಟ ಕೆಂಪು ದೀಪಕ್ಕೆ ಸೇರಿತು. ಡಾಕ್ಟರು ಒಳಗೆ ಕಾಲು ಒತ್ತಿದರೆ ಹೊರಗೆ ದೀಪ ಹತ್ತಬೇಕು. ದೀಪ ಹತ್ತಿದರೆ ಇವನು ಬಾಗಿಲು ದೂಡಿಕೊಂಡು ನುಗ್ಗಿ ಗದರಬೇಕು. ಇಷ್ಟೇ ಏರ್ಪಾಡು. ಆಮೇಲೆ ತಾಲೀಮು. ಡಾಕ್ಟರು ರೋಗಿಯ ಕುರ್ಚಿಯಲ್ಲಿ ಕೂತರು.

“ಸಾರ್, ಆಯ್ತಾ ಸಾರ್? ಹೊರಗೆ ಜನ ಇದಾರೆ ಸಾರ್...”

“ಅದೇನು ಸಾಲ ಕೇಳೋಕೆ ಬಂದೋನ ಥರ! ಬೈಯಯ್ಯಾ. ನನ್ನ ಮುಖ ನೋಡ್ಬೇಡ, ನಗು ಬರುತ್ತೆ. ಗೋಡೆ ನೋಡ್ಕೊಂಡು ಬೈ.”

ಗೋಡೆ ನೋಡಿಕೊಂಡು ಬೈದ. ಇನ್ನೂ ಜೋರು, ಇನ್ನೂ ಜೋರು ಎಂದು ಡಾಕ್ಟರು ಏರಿಸುತ್ತಾ ಹೋದರು. ಕೊನೆಗೆ, “ಒಬ್ಬರನ್ನೇ ಇಟ್ಕೊಂಡು ಕೂತ್ರೆ ಹೊರಗಿರೋರು ಸಾಯ್ಬೇಕಾ ಸಾರ್? ಏಳೀಮ್ಮಾ, ಎದ್ದೇಳಿ, ಮಿಕ್ಕಿದ್ದು ಮನೇಲಿ ಹೇಳ್ಕೊಳ್ಳಿ!” ಎಂದು ಕಿಟಕಿ ಗಾಜು ನಡುಗುವಂತೆ ಕೂಗಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು. “ಆಗ ನಾನು ಏನಂತೀನಿ ಗೊತ್ತಾ?” ಎಂದರು ಡಾಕ್ಟರು. “ಏನು ಮಾಡ್ಲೀಮ್ಮಾ, ಇವನು ಹೀಗೇ, ನೀವು ಬೇಜಾರು ಮಾಡ್ಕೋಬೇಡಿ ಅಂತೀನಿ. ಅವರು ನಗ್ತಾ ಎದ್ದು ಹೋಗ್ತಾರೆ.” ನಗು ನಿಂತ ಮೇಲೆ, “ದೀಪದ ವಿಷಯ ನಮ್ಮಿಬ್ಬರಲ್ಲೇ ಇರಲಿ. ನಿನ್ನ ಹೆಂಡತಿಗೂ ಬೇಡ” ಎಂದರು. ಇವನು ತಲೆಯಾಡಿಸಿದ. ಅಷ್ಟು ದೊಡ್ಡ ಮನುಷ್ಯರು ನನ್ನ ಹೊಟ್ಟೆಯೊಳಗೆ ಒಂದು ಗುಟ್ಟು ಇಟ್ಟರಲ್ಲ ಎಂದು ಮನೆಗೆ ಹೋಗುವಾಗ ಎದೆ ಉಬ್ಬಿತ್ತು.

ವರ್ಷಗಳು ಹೀಗೇ ನಡೆದವು. ಒಳಗೆ ‘ಆಮೇಲೆ?’, ಹೊರಗೆ ಕೆಂಪು ದೀಪ, ನಡುವೆ ಇವನ ಗಂಟಲು. ಒಂದು ಕೆಲಸವನ್ನು ಇಷ್ಟು ಕಾಲ ಮಾಡಿದರೆ ಅದು ಮೈಗೆ ಅಂಟದೆ ಹೋಗುತ್ತದೆಯೇ? ವೇಷ ಎಂದು ಹಾಕಿಕೊಂಡ ಸಿಟ್ಟು ಬಿಚ್ಚಲು ಬರದಂತಾಯಿತು. ಮನೆಯಲ್ಲಿ ಚಮಚ ಬಿದ್ದರೂ ಕೂಗುವನು. “ಇಲ್ಲಿ ಯಾರೂ ಚೀಟಿ ಹಿಡ್ಕೊಂಡು ನಿಂತಿಲ್ಲ ರೀ, ಮೆಲ್ಲಗೆ ಮಾತಾಡಿ” ಎಂದು ಹೆಂಡತಿ ಅನ್ನುವಳು. ಅವಳಿಗೆ ಕಾಲು ಊದುತ್ತಿತ್ತು. ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿ ಎಂದರೆ, “ನಮ್ಮೋರನ್ನ ಸಾಲು ತಪ್ಪಿಸಿ ಒಳಗೆ ಬಿಟ್ರೆ ಜನ ನನ್ನ ಸುಮ್ಮನೆ ಬಿಡ್ತಾರಾ?” ಎಂದು ಅದಕ್ಕೂ ಗದರುವನು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಸಂಜೆ ಬಂದವಳು ಚಪ್ಪಲಿ ಕೂಡ ಬಿಡದೆ ಫೋನು ಹಿಡಿದು ಅಪ್ಪನ ಮುಂದೆ ನಿಂತಳು.

“ಅಪ್ಪ, ನಿಮ್ಮ ಕ್ಲಿನಿಕ್ ಬಗ್ಗೆ ಜನ ಇದರಲ್ಲಿ ಬರೀತಾರೆ, ಗೊತ್ತಾ? ನಕ್ಷತ್ರ ಕೊಟ್ಟು ಬರೀತಾರೆ.”

“ಏನಂತ ಬರೀತಾರೆ? ಓದು.”

ಓದಿದಳು. ‘ಡಾಕ್ಟರು ದೇವರಂಥವರು. ಕಂಪ್ಯೂಟರ್ ನೋಡಿಕೊಂಡು ಮಾತಾಡುವವರಲ್ಲ, ನಮ್ಮ ಮುಖ ನೋಡಿ ಮಾತಾಡುತ್ತಾರೆ.’ ‘ನನ್ನ ತಾಯಿಯ ಕೈ ಹಿಡಿದುಕೊಂಡೇ ಎಲ್ಲ ವಿವರಿಸಿದರು. ಇಂಥವರು ಈಗೆಲ್ಲಿ ಸಿಗುತ್ತಾರೆ?’ ‘ಅವಸರ ಎನ್ನುವುದೇ ಇಲ್ಲ. ಅರ್ಧ ಕಾಯಿಲೆ ಮಾತಿನಲ್ಲೇ ಹೋಯಿತು.’ ಗದರಪ್ಪನ ಮುಖ ಅರಳಿತು. ಔಷಧಿ ಹಿಡಿಯಿತೋ ಬಿಟ್ಟಿತೋ ಎಂದು ಒಬ್ಬರಾದರೂ ಬರೆದಿದ್ದಾರೆಯೇ ಎಂದು ನೋಡಿದರೆ, ಇಲ್ಲ. ಕೇಳಿದರು, ಕೂರಿಸಿದರು, ಕೈ ಹಿಡಿದರು, ನಕ್ಕರು, ಬರೀ ಇದೇ. ಜನಕ್ಕೆ ಬೇಕಾದದ್ದು ಇದೇ ನೋಡು ಎಂದು ಅವನಿಗೂ ಅನ್ನಿಸಿತು. ಸಂತೋಷವೇ ಆಯಿತು.

“ನಿಲ್ಲಿಸಿದ್ಯಾಕೆ? ಮುಂದೆ ಓದು.”

“ಮುಂದಿನದು ನಿನ್ನ ಬಗ್ಗೆ ಅಪ್ಪ.”

“ಓದು ಅಂದೆ.”

‘ಡಾಕ್ಟರಿಗೆ ಐದು ಕೊಡುತ್ತಿದ್ದೆ, ಬಾಗಿಲಲ್ಲಿರುವ ಪ್ರಾಣಿಯಿಂದಾಗಿ ಒಂದು ಕಡಿಮೆ.’ ‘ಇಂಥ ಒಳ್ಳೆಯ ಮನುಷ್ಯ ಇಂಥ ರಾಕ್ಷಸನನ್ನು ಯಾಕೆ ಸಾಕಿಕೊಂಡಿದ್ದಾರೋ!’ ‘ಡಾಕ್ಟರು ಪಾಪ, ಅವನಿಗೆ ಹೆದರುತ್ತಾರೆ ಅನ್ನಿಸುತ್ತದೆ.’ ಮಗಳ ದನಿ ಸಣ್ಣದಾಗುತ್ತಾ ಹೋಯಿತು. “ನನ್ನ ಜೊತೆ ಕೆಲಸ ಮಾಡೋಳು ಇವತ್ತು ಇದನ್ನ ಓದಿ ನಗ್ತಿದ್ಳು. ನಮ್ಮಪ್ಪ ಅಂತ ಅವಳಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ” ಎಂದಳು. ಆ ಕೊನೆಯ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು.

“ಬರ್ಕೊಂಡು ಸಾಯ್ಲಿ” ಎಂದು ಎದ್ದ. ಒಳಗೊಳಗೇ ಒಂದು ಮಾತು ಹಿಡಿದುಕೊಂಡಿದ್ದ: ಡಾಕ್ಟರಿಗೆ ಗೊತ್ತಲ್ಲ. ಊರೆಲ್ಲ ಉಗಿದರೂ ಅವರೊಬ್ಬರಿಗೆ ಗೊತ್ತಲ್ಲ. ಆ ಒಂದು ಮಾತಿನ ಮೇಲೆ ಅವನು ನಿಂತಿದ್ದ.

ಆ ಹೊತ್ತಿಗೆ ಡಾಕ್ಟರರ ಅಳಿಯ ಕ್ಲಿನಿಕ್ಕಿನ ವ್ಯವಹಾರ ನೋಡಿಕೊಳ್ಳಲು ಬಂದಿದ್ದ. ಅಳಿಯ ಡಾಕ್ಟರಲ್ಲ, ಕಂಪನಿಯೊಂದರಲ್ಲಿ ಇದ್ದವನು. ಹಾಲಿಗೆ ಹೊಸ ಕುರ್ಚಿ ಬಂದವು, ಗೋಡೆಗೆ ಬಣ್ಣ ಬಂತು, ‘ನಮ್ಮ ಬಗ್ಗೆ ಬರೆಯಿರಿ’ ಎಂಬ ಬೋರ್ಡೂ ಬಂತು. ಬರೆದೇ ಬರೆದರು.

ಆಮೇಲೆ ಒಂದು ದಿನ ಒಬ್ಬ ಹೆಂಗಸು ಬಂದಳು. ನಿದ್ದೆ ಬರುವುದಿಲ್ಲ, ಎದೆ ಹಿಡಿದುಕೊಳ್ಳುತ್ತದೆ ಎಂದು ಚೀಟಿ ಬರೆಸಿದ್ದಳು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅವಳ ಮಾತಿನ ಸದ್ದು ಬಾಗಿಲಾಚೆಗೂ ಬಂತು, ಮಾತು ಅಸ್ಪಷ್ಟ. ಗೂಡಿನಲ್ಲಿ ಕೆಂಪು ದೀಪ ಹತ್ತಿತು. ಗದರಪ್ಪ ಎಂದಿನಂತೆ ಬಾಗಿಲು ದೂಡಿದ, ಎಂದಿನಂತೆ ಗೋಡೆ ನೋಡಿಕೊಂಡೇ ಕೂಗಿದ: “ಏಳೀಮ್ಮಾ, ಎದ್ದೇಳಿ! ನಿಮ್ಮ ಕಥೆ ಕೇಳ್ತಾ ಕೂತ್ರೆ ಹೊರಗಿರೋರ ಗತಿ ಏನು? ಮಿಕ್ಕಿದ್ದು ಮನೇಲಿ ಹೇಳ್ಕೊಳ್ಳಿ!”

ಕುರ್ಚಿ ಸರಿದ ಸದ್ದಾಗಲಿಲ್ಲ. ಗೋಡೆಯಿಂದ ಕಣ್ಣು ಕಿತ್ತು ನೋಡಿದ. ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಡಾಕ್ಟರು ಎರಡೂ ಕೈಯಲ್ಲಿ ಅವಳ ಕೈ ಹಿಡಿದಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು. ಬಾಗಿಲಲ್ಲಿ ನಿಂತ ಕಡೆಯಿಂದ ಮೇಜಿನ ಕೆಳಗೂ ಕಾಣುತ್ತಿತ್ತು. ಡಾಕ್ಟರರ ಬೂಟಿನ ತುದಿ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

“ಮಗು ಹೋಗಿದೆಯಂತೆ ಕಣೋ ಇವರದು” ಎಂದರು ಡಾಕ್ಟರು, ಎಂಥ ನೋವಿನ ದನಿಯಲ್ಲಿ! “ನಿನಗೆ ಎದೆಯಲ್ಲಿ ಕಲ್ಲಿದೆಯಾ? ಏನು ಮಾಡ್ಲೀಮ್ಮಾ, ಇವನು ಹೀಗೇ.”

ಹೆಂಗಸು ಎದ್ದು ಹೋದಳು. ಗದರಪ್ಪ ಹೊರಗೆ ಬಂದು ಮೇಜಿನ ಹಿಂದೆ ಕೂತ. ಮುಂದಿನ ನಂಬರು ಕೂಗಲು ಬಾಯಿ ತೆರೆದರೆ ಸದ್ದು ಹೊರಡಲಿಲ್ಲ. ಹಾಲಿನಲ್ಲಿದ್ದವರು ತಮ್ಮ ತಮ್ಮಲ್ಲೇ ಸರದಿ ಲೆಕ್ಕ ಹಾಕಿಕೊಂಡು ಒಳಗೆ ಹೋದರು.

ಆ ಹೆಂಗಸಿನ ತಮ್ಮ ಅದನ್ನೆಲ್ಲ ಬರೆದು ಹಾಕಿದ. ಸತ್ತ ಮಗುವಿನ ಸುದ್ದಿ ಹೇಳುತ್ತಿದ್ದ ತಾಯಿಗೆ ‘ನಿಮ್ಮ ಕಥೆ’ ಎಂದನಂತೆ ಎಂದು ಓದಿದ ಊರು ಕುದಿಯಿತು. ನೋಡಿದವರು ಇನ್ನೊಬ್ಬರಿಗೆ ಕಳಿಸಿದರು, ಅವರು ಮತ್ತೊಬ್ಬರಿಗೆ. ಡಾಕ್ಟರರ ಕಣ್ಣೀರಿನ ಬಗ್ಗೆಯೂ ಅದರಲ್ಲಿ ಚೆನ್ನಾಗಿ ಬರೆದಿತ್ತು. ಹಾಲಿನಲ್ಲಿ ಒಬ್ಬ ಮುದುಕ ಗದರಪ್ಪನ ಕೈಯಿಂದ ಚೀಟಿ ತೆಗೆದುಕೊಳ್ಳಲೇ ಒಪ್ಪಲಿಲ್ಲ. “ಅಲ್ಲಿ ಮೇಜಿನ ಮೇಲಿಡು, ನಾನೇ ತಗೋತೀನಿ” ಎಂದ.

ಅಳಿಯ ಇಬ್ಬರನ್ನೂ ಒಳಗಿನ ಕೋಣೆಯಲ್ಲಿ ಕೂರಿಸಿದ. ಕೂರಿಸಿದ ಎಂದರೆ ಮಾವನನ್ನು ಕೂರಿಸಿದ, ಗದರಪ್ಪ ನಿಂತಿದ್ದ.

“ನೀವೇ ಹೇಳಿ, ಇದನ್ನ ಹೇಗೆ ಸಮರ್ಥಿಸ್ಕೋತೀರಾ?” ಎಂದ ಅಳಿಯ, ಗದರಪ್ಪನ ಮುಂದೆ ಫೋನು ಹಿಡಿದು.

ಗದರಪ್ಪ ಡಾಕ್ಟರರ ಕಡೆ ನೋಡಿದ. ಅವರು ಹೇಳಬಹುದಿತ್ತು. ಒಂದೇ ಮಾತು. ಕರೆದವನು ನಾನು ಎಂದು ಅಷ್ಟು ಹೇಳಿದ್ದರೆ ಸಾಕಿತ್ತು. ಅವರ ಗಂಟೇನು ಹೋಗುತ್ತಿತ್ತು? ಎದುರಿಗಿರುವುದು ಪರಕೀಯನಲ್ಲ, ಮಗಳ ಗಂಡ. ಗದರಪ್ಪನೇ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾತು ಕೊಟ್ಟಿದ್ದ. ಅದಕ್ಕಿಂತ ಹೆಚ್ಚಾಗಿ, ಅವರ ಬಾಯಿಂದಲೇ ಅದು ಬರಬೇಕೆಂದು ಕಾಯುತ್ತಿದ್ದ. ನೀರಿಗೆ ಬಿದ್ದವನು ದಡದಲ್ಲಿದ್ದವನ ಕೈ ಕಾಯುವ ಹಾಗೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಹಳಬ ಕಣಪ್ಪ” ಎಂದರು ಅಳಿಯನಿಗೆ. “ಮನಸ್ಸು ಕೆಟ್ಟದ್ದಲ್ಲ. ಬಾಯಿ ಸ್ವಲ್ಪ ಜೋರು. ನಾನೂ ಎಷ್ಟು ಸಲ ಹೇಳಿದೀನಿ.”

ಎಷ್ಟು ಸಲ ಹೇಳಿದ್ದರಂತೆ! ಗದರಪ್ಪನಿಗೆ ನೆಲ ಜಾರಿತು.

ಮುಂದಿನ ವಾರದಿಂದ ಬರುವುದು ಬೇಡವೆಂದಾಯಿತು. ಹೊಸ ಹುಡುಗಿಯೊಬ್ಬಳು ಬಂದಳು. ಬೆಳ್ಳಗೆ ನಗುವ ಹುಡುಗಿ, ಎಲ್ಲರಿಗೂ ‘ದಯವಿಟ್ಟು’ ಅನ್ನುವವಳು. ಗದರಪ್ಪ ಅವಳಿಗೆ ಮೇಜು, ಚೀಟಿ, ಬೀಗದ ಕೈ ತೋರಿಸಿಕೊಟ್ಟ. ಗೂಡು ತೋರಿಸಲು ಹೋದರೆ, “ಅದನ್ನ ಡಾಕ್ಟರ್ ಬೆಳಿಗ್ಗೆನೇ ಹೇಳಿಕೊಟ್ರು ಅಂಕಲ್” ಎಂದಳು.

ಕೊನೆಯ ದಿನ, ರೋಗಿಗಳೆಲ್ಲ ಹೋದ ಮೇಲೆ, ಅವನು ಬಾಗಿಲು ತಟ್ಟಿ ಒಳಗೆ ಹೋದ. ಅಷ್ಟು ವರ್ಷದಲ್ಲಿ ಆ ಬಾಗಿಲನ್ನು ಅವನು ತಟ್ಟಿದ್ದು ಅದೇ ಮೊದಲು.

“ಬಾರಯ್ಯಾ, ಕೂತ್ಕೋ.”

ರೋಗಿಯ ಕುರ್ಚಿಯಲ್ಲಿ ಕೂತ. ಡಾಕ್ಟರು ಪೆನ್ನು ಕೆಳಗಿಟ್ಟರು. ಮುಂದಕ್ಕೆ ಬಾಗಿ ಅವನ ಕೈ ಹಿಡಿದುಕೊಂಡರು. “ಹೇಳು” ಎಂದರು.

ಹೇಳಲು ಬಂದದ್ದು ಬಿಟ್ಟು ಬೇರೇನೋ ಹೊರಗೆ ಬಂತು. ಹೆಂಡತಿಯ ಕಾಲಿನ ಊತ, ಮಗಳು ಅಂಗಡಿಯಲ್ಲಿ ಅಪ್ಪನ ಗುರುತು ಹೇಳದೆ ಉಳಿದದ್ದು, ಮನೆಯಲ್ಲಿ ತಾನು ಮೆಲ್ಲಗೆ ಮಾತಾಡಲು ಹೋದರೆ ದನಿಯೇ ಹೊರಡದಿರುವುದು. ‘ಹೂಂ, ಆಮೇಲೆ?’ ಎಂದರು ಡಾಕ್ಟರು. ಅಯ್ಯೋ, ಆ ‘ಆಮೇಲೆ’! ಹೊರಗೆ ಕೂತು ಸಾವಿರ ಸಲ ಕೇಳಿದ್ದ. ಅದು ತನ್ನ ಕಡೆ ತಿರುಗಿದಾಗ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಜನ ಸುಮ್ಮನೆ ಬರೆದಿರಲಿಲ್ಲ. ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ, ನೀನೊಬ್ಬನೇ ಎಂಬಂತೆ ನೋಡುತ್ತಿದ್ದರು. ಅವನ ಎದೆ ಹಗುರಾಯಿತು. ಈಗ ಕೇಳಿಬಿಡುತ್ತೇನೆ, ಎಲ್ಲರೆದುರಿಗೆ ಬೇಡ, ಆ ತಾಯಿಯೊಬ್ಬಳಿಗೆ ಹೇಳಿ ಸಾರ್, ಅವಳೊಬ್ಬಳಿಗೆ ಸಾಕು ಎಂದು ಕೇಳಿಬಿಡುತ್ತೇನೆ ಎಂದುಕೊಂಡ.

“ಸಾರ್, ಆ ಹೆಂಗಸಿಗೆ ನೀವು...”

ಡಾಕ್ಟರರ ಬಲ ಮಂಡಿ ಒಂದಿಷ್ಟು ಅಲುಗಿತು. ಬಾಗಿಲು ತೆರೆಯಿತು. ಹೊಸ ಹುಡುಗಿ ನಗುತ್ತಾ ನಿಂತಿದ್ದಳು. “ಕ್ಷಮಿಸಿ ಸರ್, ಮನೆಯಿಂದ ಫೋನ್ ಬಂದಿದೆ, ಅರ್ಜೆಂಟಂತೆ.”

“ನೋಡಯ್ಯಾ” ಎಂದರು ಡಾಕ್ಟರು, ಅವನ ಕೈಯನ್ನು ಮೆಲ್ಲಗೆ ತಟ್ಟಿ, “ಎರಡು ಮಾತಾಡೋಕೂ ಬಿಡಲ್ಲ ಇವರು.”

ಅವನು ಎದ್ದ. ನಗುತ್ತಾ ಎದ್ದನೋ ಹೇಗೋ ಅವನಿಗೇ ನೆನಪಿಲ್ಲ.

ಮನೆಯಲ್ಲಿ ಎಲ್ಲ ಬಿಚ್ಚಿ ಹೇಳಿದ. ಸ್ವಿಚ್ಚು, ತಂತಿ, ದೀಪ, ಗೋಡೆ ನೋಡಿಕೊಂಡು ಬೈದದ್ದು. ಮಗಳು ನಂಬಿದಳು, ಸಿಟ್ಟಿನಿಂದ ಕೂತು ಅದನ್ನೆಲ್ಲ ಅದೇ ಜಾಗದಲ್ಲಿ ಬರೆದು ಹಾಕಿದಳು. ಅದರ ಕೆಳಗೆ ಜನ ಬರೆದರು: ‘ಕೆಲಸ ಹೋದ ಹೊಟ್ಟೆಯುರಿ.’ ‘ಅನ್ನ ಹಾಕಿದವರ ಮೇಲೇ ಕೆಸರು.’ ‘ಆ ರಾಕ್ಷಸನಿಗೆ ಬರೆಯಲೂ ಬರುತ್ತದಾ?’ ಅವನೇ ಹೇಳಿ ಅಳಿಸಿ ಹಾಕಿಸಿದ. ಹೆಂಡತಿ ಮಾತ್ರ ಕೇಳಿಸಿಕೊಂಡಳು, ಅಷ್ಟೇ.

ಅವಳ ಕಾಲು ಹೆಚ್ಚು ಊದಿತು. ಬೇರೆ ಕಡೆ ಹೋಗೋಣವೆಂದು ಇವನು ಗೋಗರೆದ. “ಊರೋರೆಲ್ಲ ಅವರ ಹತ್ರ ಹೋಗ್ತಾರೆ, ನಾನೊಬ್ಳು ಹೋಗ್ಬಾರ್ದಾ? ಈಗಂತೂ ಸಾಲು ತಪ್ಪಿಸೋ ಮಾತಿಲ್ಲವಲ್ಲ” ಎಂದಳು. ಇವನೇ ಕರೆದುಕೊಂಡು ಹೋದ.

ಹಾಲಿನಲ್ಲಿ ಹೊಸ ಕುರ್ಚಿಯೊಂದರಲ್ಲಿ ತಲೆ ತಗ್ಗಿಸಿ ಕೂತ. ಯಾರೂ ಗುರುತು ಹಿಡಿಯಲಿಲ್ಲ. ಕೂಗದಿದ್ದಾಗ ಆ ಮುಖ ಯಾರದೆಂದು ಊರಿಗೆ ಗೊತ್ತೇ ಇರಲಿಲ್ಲ. ಪಕ್ಕದವರಿಬ್ಬರು ಮಾತಾಡುತ್ತಿದ್ದರು. “ಅವನು ಹೋದ ಮೇಲೆ ಎಷ್ಟು ನೆಮ್ಮದಿ ನೋಡಿ ಇಲ್ಲಿ.” “ಪೀಡೆ ತೊಲಗ್ತು ಬಿಡಿ.” ಕಾಯುವ ಹೊತ್ತು ಮಾತ್ರ ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಹೆಂಡತಿ ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಅವಳ ಮುಖ ನೋಡಿದ. ಆ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಬಾಗಿಲಿಂದ ಹೊರಬಂದವರೆಲ್ಲರ ಮೇಲೂ ಅದನ್ನು ಕಂಡಿದ್ದ, ತೊಳೆದು ಒರೆಸಿಟ್ಟಂಥ ಮುಖ. ಅವಳ ಮೇಲೆ ಅದನ್ನು ಕಾಣುವುದು ಮದುವೆಯಾದಾಗಿನಿಂದ ಅದೇ ಮೊದಲು.

ಮೆಟ್ಟಿಲಿಳಿಯುವಾಗ ಅವನ ಭುಜ ಹಿಡಿದುಕೊಂಡು ಹೇಳುತ್ತಲೇ ಇದ್ದಳು. “ಎಷ್ಟು ಒಳ್ಳೆಯವರು ರೀ! ನಾನು ಹೇಳಿದ್ದೆಲ್ಲಾ ಕೇಳಿದ್ರು. ನಮ್ಮಮ್ಮ ಹೋದ ವಿಷಯ ಕೂಡ ಕೇಳಿದ್ರು. ಕಾಲು ಮುಟ್ಟಿ ನೋಡಿದ್ರು ರೀ, ಅಷ್ಟು ದೊಡ್ಡೋರು.” ಆಮೇಲೆ ಅವನ ಕಡೆ ನೋಡದೆ, “ಮೇಜಿನ ಕೆಳಗೂ ಬಗ್ಗಿ ನೋಡ್ದೆ. ಅಂಥದ್ದೇನೂ ಕಾಣಲಿಲ್ಲ” ಎಂದಳು.

“ತಂತಿ ಜಮಖಾನೆ ಅಡಿ, ಸ್ವಿಚ್ಚು ಅವರ ಬೂಟಿನ ಅಡಿ ಇರುತ್ತೆ ಕಣೇ.”

“ಇರಬಹುದು ಬಿಡಿ.” ಅಳುವ ಮಗುವನ್ನು ಸಮಾಧಾನ ಮಾಡುವಂಥ ದನಿ. “ನಿಮ್ಮ ಬಗ್ಗೆನೂ ಕೇಳಿದ್ರು.”

“ಏನಂತ?”

“ಮನೇಲಾದ್ರೂ ಸಿಟ್ಟು ಸ್ವಲ್ಪ ಕಡಿಮೆ ಮಾಡಿದಾನಾ ಅಂತ.”

ಅವನು ರಸ್ತೆಯಲ್ಲೇ ನಿಂತ. “ನೀನೇನಂದೆ?”

“ಏನಂತೀನಿ? ನಕ್ಕೆ. ಅವರೂ ನಕ್ರು. ಪಾಪ, ಅವರೇನು ಮಾಡ್ತಾರೆ ರೀ, ನಿಮ್ಮ ಬಾಯೇ ಹಾಗೆ.”

ಹೊಟ್ಟೆಯಿಂದ ಒಂದು ಕೂಗು ಎದ್ದು ಗಂಟಲವರೆಗೆ ಬಂತು. ಕೂಗಿದರೆ ಅಲ್ಲಿಗೆ ಮುಗಿಯಿತು. ಕೂಗದಿದ್ದರೂ ಮುಗಿದೇ ಇತ್ತು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಅವಳ ಭಾರವೆಲ್ಲ ಅವನ ಭುಜದ ಮೇಲಿತ್ತು.

“ಮುಂದಿನ ವಾರ ಮತ್ತೆ ಬರೋಕೆ ಹೇಳಿದಾರೆ” ಎಂದಳು.

“ಹೂಂ” ಎಂದ. “ಕರ್ಕೊಂಡು ಬರ್ತೀನಿ.”